ಮುಖ ಕಾಣದ ಕಂಚಿನ ಕನ್ನಡಿಗೆ ಹುಣಸೆಹಣ್ಣು ಹಾಕಬಹುದಾ?

ಪ್ರಶ್ನೆ: ಕೆಲಸದ ಮೇಲೆ ಜಪಾನಿಗೆ ಹೋಗಿದ್ದಾಗ ಕ್ಯೋಟೋದ ತೋಜಿ ದೇವಾಲಯದ ಸಂತೆಯಲ್ಲಿ ಹಿಡಿಕೆ ಇರುವ ಕಂಚಿನ ಕನ್ನಡಿಯೊಂದನ್ನು ಕೊಂಡೆ. ಹಿಂಬದಿಯಲ್ಲಿ ಸಾರಸ, ಆಮೆ, ಪೈನ್ ಮರ ಇವೆ. ‘ತೆಂಕಾ ಇಚಿ’ ಎಂಬ ಬರಹ ಇರುವುದರಿಂದ ಇದು 1682ಕ್ಕಿಂತ ಹಳೆಯದು ಎಂದು ಮಾರಿದವರು ಹೇಳಿದರು. ಆದರೆ ಮುಂಬದಿ ಪೂರ್ತಿ ಕಂದು. ಮುಖವೇ ಕಾಣಿಸುವುದಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಉತ್ತರ: ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣೂ ಬೇಡ, ಪೇಟೆಯ ಪಾಲಿಷೂ ಬೇಡ.

ನಿಮ್ಮ ಕೈಯಲ್ಲಿರುವುದು ‘ಎಕಾಗಾಮಿ’, ಅಂದರೆ ಹಿಡಿಕೆಯ ಕನ್ನಡಿ. ಎದೋ ಕಾಲದಲ್ಲಿ, 1603ರಿಂದ 1868ರವರೆಗೆ, ಜಪಾನಿನ ಹೆಂಗಸರು ಇದರಲ್ಲೇ ಮುಖ ನೋಡಿಕೊಂಡರು. ಅದು ಹೊಳೆಯುತ್ತಿದ್ದುದು ಬರೀ ಕಂಚಿನಿಂದಲ್ಲ. ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ಬೀದಿ ಬೀದಿ ಬರುತ್ತಿದ್ದರಲ್ಲ, ಹಾಗೆಯೇ ಅಲ್ಲಿ ಕನ್ನಡಿ ಉಜ್ಜುವವರು ಬರುತ್ತಿದ್ದರು. ಹುಳಿ ಪ್ಲಮ್ ಹಣ್ಣಿನ ರಸದಂಥ ಹುಳಿಯಿಂದ ಕೊಳೆ ತೆಗೆದು, ಪಾದರಸ ಮತ್ತು ತವರ ಬೆರೆಸಿ ಮೇಲೆ ತಿಕ್ಕುತ್ತಿದ್ದರು. ಆ ಬೆಳ್ಳಿಯಂಥ ಪೊರೆಯಲ್ಲಿ ಮುಖ ಕಾಣುತ್ತಿತ್ತು. ಸ್ವಲ್ಪ ದಿನಕ್ಕೆ ಮಂಕಾದರೆ ಮತ್ತೆ ಅವರನ್ನೇ ಕರೆಯಬೇಕು. ಎದೋ ಮುಗಿದು ಬಂದ ಮೇಜಿ ಕಾಲದಲ್ಲಿ ಗಾಜಿನ ಕನ್ನಡಿ ಬಂದ ಮೇಲೆ ಕರೆಯುವವರು ಇಲ್ಲವಾದರು.

ಹಾಗಾಗಿ ನಿಮ್ಮ ಕನ್ನಡಿ ಹಾಳಾಗಿಲ್ಲ, ಕಲಾಯಿ ಹೋಗಿದೆ, ಅಷ್ಟೇ. ಅಂಚಿನಲ್ಲಿ ಎಲ್ಲಾದರೂ ಬಿಳಿ ಹೊಳಪಿನ ತುಣುಕು ಉಳಿದಿದೆಯಾ ನೋಡಿ. ಉಳಿದಿದ್ದರೆ ಅದು ಹಳೆಯ ಪೊರೆಯೇ ಇರಬಹುದು. ಉಜ್ಜಿದರೆ ಹೋಗುವುದೂ ಅದೇ, ಜೊತೆಗೆ ಪಾದರಸ ಕೈಗೆ ಹತ್ತುತ್ತದೆ.

ಇನ್ನು ಆ ಬರಹ. ‘ತೆಂಕಾ ಇಚಿ’ ಎಂದರೆ ಲೋಕಕ್ಕೇ ಮೊದಲಿಗ. ಒಳ್ಳೆಯ ಕುಶಲಕರ್ಮಿಗಳಿಗೆ ಸಲ್ಲಬೇಕಾದ ಬಿರುದನ್ನು ಸಿಕ್ಕಸಿಕ್ಕವರೆಲ್ಲ ಹಾಕಿಕೊಳ್ಳತೊಡಗಿದಾಗ 1682ರಲ್ಲಿ ಅದನ್ನು ನಿಷೇಧಿಸಿದರು. ಮಾರಿದವರ ಲೆಕ್ಕ ಬಂದದ್ದು ಇಲ್ಲಿಂದ. ಆದರೆ ಆಮೇಲೂ ಆ ಬರಹ ಮತ್ತೆ ಕಾಣಿಸಿಕೊಂಡಿತು. ಅಲ್ಲದೆ, ಹಳೆಯ ಕನ್ನಡಿಯನ್ನೇ ಮಣ್ಣಿಗೆ ಒತ್ತಿ ಅಚ್ಚು ತೆಗೆದು ಹೊಸದನ್ನು ಎರಕ ಹೊಯ್ಯುವುದು ಅಲ್ಲಿ ಮಾಮೂಲು. ಆಗ ಬರಹವೂ ಜೊತೆಗೇ ಬಂದುಬಿಡುತ್ತದೆ. ಬರೀ ಅಕ್ಷರ ನಂಬಿ ಜಾಸ್ತಿ ದುಡ್ಡು ಕೊಡಬಾರದು.

ನಾನಾದರೆ ಮೊದಲು ಹಿಡಿಕೆ ನೋಡುತ್ತೇನೆ. ಹಳೆಯ ಎಕಾಗಾಮಿಗಳಲ್ಲಿ ಬಿಲ್ಲೆ ಚಿಕ್ಕದು, ಹಿಡಿಕೆ ಸಪೂರ, ಉದ್ದ. ಕೂದಲಿನ ಅಲಂಕಾರ ದೊಡ್ಡದಾಗುತ್ತಾ ಹೋದಂತೆ ಬಿಲ್ಲೆಯೂ ದೊಡ್ಡದಾಯಿತು, ಹಿಡಿಕೆ ಮೊಂಡಾಗಿ ಅಗಲವಾಯಿತು. ಆಮೇಲೆ ಹಿಂಬದಿಯನ್ನು ಕಿಟಕಿ ಪಕ್ಕ ಓರೆ ಬೆಳಕಿಗೆ ಹಿಡಿಯಿರಿ. ಸಾರಸದ ಗರಿ ಒಂದೊಂದೂ ಬೇರೆ ಬೇರೆ ಕಂಡರೆ ಒಳ್ಳೆಯ ಎರಕ. ಬಳಸಿದ ಸೋಪಿನ ಹಾಗೆ ಮೊಂಡಾಗಿದ್ದರೆ ಅಚ್ಚಿನಿಂದ ಅಚ್ಚು ತೆಗೆದದ್ದಿರಬಹುದು. ಅದೂ ಎದೋ ಕಾಲದ್ದೇ ಇರಬಹುದು, ಬೆಲೆ ಮಾತ್ರ ಕಡಿಮೆ.

ಆ ಆಮೆಗೆ ಉದ್ದ ಬಾಲ ಇದ್ದರೆ, ಅದು ಬಾಲವಲ್ಲ. ಬೆನ್ನ ಮೇಲೆ ಪಾಚಿ ಬೆಳೆದು ಹಿಂದೆ ಜೋತು ಬಿದ್ದಿದೆ. ಅಷ್ಟು ವಯಸ್ಸು ಅದಕ್ಕೆ! ಸಾರಸಕ್ಕೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ಎಂಬುದು ಜಪಾನಿನ ಮಾತು. ಪೈನ್ ಮರ ಯಾವಾಗಲೂ ಹಸಿರು. ದಿನಾ ಬೆಳಿಗ್ಗೆ ತಲೆ ಬಾಚುವವಳ ಕೈಯಲ್ಲಿ ಇಷ್ಟೊಂದು ಆಯುಸ್ಸಿನ ಹಾರೈಕೆ ಇರುತ್ತಿತ್ತು. ನನಗೆ ಈ ಕನ್ನಡಿಗಳ ಮೇಲೆ ಪ್ರೀತಿ ಹುಟ್ಟಿದ್ದು ಇದರಿಂದಲೇ. ಮುಂಬದಿ ಮಂಕಾದ ಮೇಲೂ ಹಿಂಬದಿ ಮಾತಾಡುತ್ತದೆ.

ಹತ್ತಿಯ ಕೈಗವಸು ಹಾಕಿ ಮುಟ್ಟಿ. ಮೃದುವಾದ ಒಣ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಮಳೆಗಾಲದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ಕಂಚಿಗೆ ಹತ್ತುವ ರೋಗ. ಅಂಥದ್ದನ್ನು ಬೇರೆ ಇಟ್ಟು, ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಗಟ್ಟಿಯಾಗಿ ಅಂಟಿಕೊಂಡ ಕಡು ಹಸಿರಿಗೆ ಹೆದರಬೇಕಿಲ್ಲ.

ಬಿಲ್ಲೆಯ ಅಡ್ಡಳತೆ, ಹಿಡಿಕೆಯ ಉದ್ದ, ಅಗಲ ಬರೆದು ಕಳಿಸಿ. ಓರೆ ಬೆಳಕಲ್ಲಿ ತೆಗೆದ ಫೋಟೋ ಜೊತೆಗಿದ್ದರೆ ಕಾಲದ ಬಗ್ಗೆ ಇನ್ನಷ್ಟು ಹೇಳಬಹುದು.