ಆಮೆ ಹುಡುಕೋಕೂ ಒಂದು ಹೊತ್ತು ಇದೆ

ಪ್ರಶ್ನೆ: ನಮ್ಮ ಆಮೆ ದುಂಡಣ್ಣ ಮೂರು ದಿನದಿಂದ ಕಾಣಿಸುತ್ತಿಲ್ಲ. ನೆಲದ ಮೇಲೆ ಬದುಕುವ ಜಾತಿಯದು, ಒಂದು ಗೇಣು ಉದ್ದ ಇದೆ. ಹಿತ್ತಲಲ್ಲಿ ಮೊಣಕಾಲೆತ್ತರಕ್ಕೆ ತಂತಿ ಜಾಲರಿಯ ಬೇಲಿ ಕಟ್ಟಿ, ಒಳಗೆ ಒಂದು ಮರದ ಪೆಟ್ಟಿಗೆ ಇಟ್ಟು ಜಾಗ ಮಾಡಿಕೊಟ್ಟಿದ್ದೆವು. ಬೇಲಿ ಎಲ್ಲೂ ಹರಿದಿಲ್ಲ, ಬಾಗಿಲಿನ ಚಿಲಕ ಹಾಕಿದ ಹಾಗೇ ಇದೆ. ಮನೆಮಂದಿಯೆಲ್ಲಾ ಸೇರಿ ಬೀದಿ, ಚರಂಡಿ, ಅಕ್ಕಪಕ್ಕದವರ ಅಂಗಳ ಎಲ್ಲಾ ಜಾಲಾಡಿದೆವು. ಯಾರೋ ಕದ್ದಿದ್ದಾರೆ ಅಂತ ಮಗಳು ಅಳುತ್ತಿದ್ದಾಳೆ. ಇನ್ನೂ ಹುಡುಕಬೇಕಾ, ಬಿಟ್ಟುಬಿಡಬೇಕಾ?

ಉತ್ತರ: ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನಿನಲ್ಲಿ ಮಾತಾಡಿದ್ದೆ. ಅಂಕಣ ಅಚ್ಚಾಗುವವರೆಗೆ ಆಮೆ ಕಾಯಬಹುದು, ನಿಮ್ಮ ಮಗಳು ಕಾಯೋದಿಲ್ಲ ಅಲ್ವಾ? ಆವತ್ತು ಹೇಳಿದ್ದನ್ನೇ ಉಳಿದವರಿಗೂ ಆಗಲಿ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕಳ್ಳರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬೀದಿಯನ್ನೂ ಬಿಡಿ. ಮೊದಲು ಬೇಲಿಯ ಒಳಗೆ ಹುಡುಕಿ. "ಅಲ್ಲಿ ನೋಡಿಯಾಯಿತು" ಅನ್ನುತ್ತೀರಿ, ಗೊತ್ತು. ನಾನೂ ಹಾಗೇ ಅಂದಿದ್ದೆ. ನನ್ನ ಮೊದಲ ಆಮೆ ಕಾಣೆಯಾದಾಗ ಒಂಬತ್ತು ದಿನ ಊರೆಲ್ಲಾ ಅಲೆದೆ. ಪ್ರತಿ ಬೆಳಗ್ಗೆ ಅದರ ಆವರಣದ ಮೂಲೆಯಲ್ಲಿ ನಿಂತು, ಸೊಂಟದ ಮೇಲೆ ಕೈ ಇಟ್ಟು, ಇವತ್ತು ಯಾವ ದಿಕ್ಕಿಗೆ ಹೋಗಲಿ ಅಂತ ಯೋಚಿಸುತ್ತಿದ್ದೆ. ಹತ್ತನೇ ದಿನ ಸ್ವಲ್ಪ ಮಳೆ ಬಂತು. ನಾನು ದಿನಾ ನಿಲ್ಲುತ್ತಿದ್ದ ಜಾಗದಲ್ಲೇ ಮಣ್ಣು ಅಲುಗಾಡಿ ಒಂದು ತಲೆ ಮೇಲೆ ಬಂತು. ಅದರ ಬೆನ್ನ ಮೇಲೆ ಅಂಟಿದ್ದ ಮಣ್ಣಿನಲ್ಲಿ ನನ್ನ ಚಪ್ಪಲಿಯ ಗುರುತು ಇತ್ತು. ಇದನ್ನು ಮನೆಯವರಿಗೆ ಹೇಳಿದ್ದು ಎಷ್ಟೋ ದಿನ ಬಿಟ್ಟು.

ಆಮೆಗೆ ನಮ್ಮ ಹಾಗೆ ಒಳಗಿನಿಂದ ಮೈ ಬಿಸಿ ಹುಟ್ಟೋದಿಲ್ಲ. ಬಿಸಿಲಿಗೆ ಮೈ ಕಾಯಿಸಿಕೊಂಡರೆ ಮಾತ್ರ ಅದರ ಕಾಲು ಓಡುತ್ತದೆ. ಸೆಕೆ ಜಾಸ್ತಿಯಾದರೂ ಮಣ್ಣಿಗೆ ಇಳಿಯುತ್ತದೆ, ಚಳಿ ಜಾಸ್ತಿಯಾದರೂ ಇಳಿಯುತ್ತದೆ. ಸಡಿಲ ಮಣ್ಣು ಸಿಕ್ಕರೆ ಬೆನ್ನು ಮುಚ್ಚುವಷ್ಟು ಹೂತುಕೊಳ್ಳೋಕೆ ಹೆಚ್ಚು ಹೊತ್ತೇ ಬೇಡ. ಮೇಲಿಂದ ನೋಡಿದವರಿಗೆ ಅಲ್ಲಿ ಬರೀ ನೆಲ. ಹಾಗಾಗಿ ಕಣ್ಣಿಂದ ಹುಡುಕಬೇಡಿ, ಕೈಯಿಂದ ಹುಡುಕಿ. ಮಂಡಿಯೂರಿ ಕೂತು, ಪ್ರತಿ ಹುಲ್ಲಿನ ಬುಡಕ್ಕೂ ಬೆರಳು ಹಾಕಿ ನೋಡಿ. ಪೆಟ್ಟಿಗೆಯನ್ನು ಎತ್ತಿ ಅದರ ಅಡಿ ನೋಡಿ. ಮಣ್ಣು ಎಲ್ಲಿ ಪುಡಿಪುಡಿಯಾಗಿದೆ, ಎಲ್ಲಿ ಸ್ವಲ್ಪ ಉಬ್ಬಿದೆ ಅಂತ ಸವರಿ ನೋಡಿ. ಹಾರೆ, ಗುದ್ದಲಿ ಮಾತ್ರ ಬೇಡವೇ ಬೇಡ. ಬಿಲದ ಹಾಗೆ ತೂತು ಕಂಡರೆ ಸುಮ್ನೆ ಕೈ ತೂರಿಸಬೇಡಿ, ಟಾರ್ಚ್ ಬಿಟ್ಟು ನೋಡಿ. ಅಂಥ ಬಿಲಕ್ಕೆ ಹಾವೂ ಹೋಗುತ್ತದೆ. ಸಲ್ಕಾಟಾ ಅನ್ನೋ ದೊಡ್ಡ ಜಾತಿಯ ಆಮೆ ಸಾಕಿದವರಿಗೆ ಇನ್ನೊಂದು ಮಾತು. ಅದು 10 ಅಡಿ ಉದ್ದದ ಬಿಲ ತೋಡಬಲ್ಲದು. ಬಿಲದ ಬಾಯಿ ಬೇಲಿಯೊಳಗಿದ್ದರೂ ಆಮೆ ಬೇಲಿಯಾಚೆಯ ನೆಲದಡಿ ಮಲಗಿರಬಹುದು.

ಇನ್ನು ಹುಡುಕುವ ಹೊತ್ತು. ನೀವು ಸಂಜೆ ಕೆಲಸ ಮುಗಿಸಿ ಬಂದು ಟಾರ್ಚ್ ಹಿಡಿದು ಹೊರಟಿರಿ ಅಂದಿರಿ. ಆಗ ಅದು ಮಲಗಿರುತ್ತದೆ. ತೆರೆದ ಜಾಗದಲ್ಲಿ ಸಿಗೋದಿಲ್ಲ, ಯಾವುದೋ ಸಂದಿಯೊಳಗೆ ಬೆಳಕು ಬಿದ್ದರೆ ಸಿಗಬಹುದು ಅಷ್ಟೇ. ಬೆಳಗ್ಗೆ ಬಿಸಿಲು ನೆಲಕ್ಕೆ ಬಿದ್ದ ಮೇಲಿನ ಒಂದೆರಡು ಗಂಟೆ ಅದು ಮೈ ಕಾಯಿಸೋಕೆ ಹೊರಬರುವ ಸಮಯ. ಬಿಸಿಲು ಇಳಿಯುವಾಗ ಇನ್ನೊಂದು ಸಲ ಓಡಾಡುತ್ತದೆ. ಮಳೆ ಬಂದು ನಿಂತ ಮೇಲಂತೂ ನೀರು ಕುಡಿಯೋಕೆ ಬಂದೇ ಬರುತ್ತದೆ ಅನ್ನಬಹುದು. ಮಳೆ ಇಲ್ಲದಿದ್ದರೆ ಬೆಳಗ್ಗೆ ಪೈಪಿನಿಂದ ಮಳೆಯ ಹಾಗೆ ಸಣ್ಣಗೆ ನೀರು ಚಿಮುಕಿಸಿ.

ಆಮೇಲೆ ಸುಮ್ಮನೆ ಕೂರಬೇಕು. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಹತ್ತು ಜನ "ದುಂಡಣ್ಣಾ" ಅಂತ ಕೂಗುತ್ತಾ ಧಪಧಪ ಓಡಾಡಿದರೆ ನೆಲದ ನಡುಕ ಅದಕ್ಕೆ ತಿಳಿಯುತ್ತದೆ. ತಲೆ ಒಳಗೆ ಎಳೆದುಕೊಂಡು ಕಲ್ಲಿನ ಹಾಗೆ ಕೂತುಬಿಡುತ್ತದೆ. ಒಬ್ಬರೇ ಒಂದು ಮಣೆ ಹಾಕಿಕೊಂಡು ಅರ್ಧ ಗಂಟೆ ಕೂತು ನೋಡಿ. ಒಣ ಎಲೆ ಸರಸರ ಅಂದರೆ ಅದು ಹಲ್ಲಿಯೋ ಹಕ್ಕಿಯೋ ಇರಬಹುದು. ಸರ್ ಅಂದು ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸರ್ ಅಂದರೆ ಎದ್ದು ಹೋಗಿ ನೋಡಿ.

ಒಳಗೆ ಇಲ್ಲವೇ ಇಲ್ಲ ಅಂತ ಖಾತ್ರಿಯಾದ ಮೇಲೆ ಆಚೆಗೆ ಬನ್ನಿ. ಬೇಲಿ ಹರಿಯದೆ ಹೇಗೆ ಹೋಯಿತು ಅಂತ ಕೇಳಿದ್ದೀರಿ. ತಂತಿ ಜಾಲರಿ ನಮಗೆ ಬೇಲಿ, ಆಮೆಗೆ ಏಣಿ. ಉಗುರು ಸಿಕ್ಕಿಸಿಕೊಂಡು ಹತ್ತುತ್ತದೆ. ಎರಡು ಕಡೆ ಆತುಕೊಳ್ಳೋಕೆ ಸಿಗುವ ಮೂಲೆಯಲ್ಲಿ ಇನ್ನೂ ಸುಲಭ. ನಿಮ್ಮ ಮರದ ಪೆಟ್ಟಿಗೆ ಬೇಲಿಗೆ ಒತ್ತಿಕೊಂಡೇ ಇದೆ ಅಂತ ಫೋನಿನಲ್ಲಿ ಹೇಳಿದಿರಲ್ಲ, ನನಗೆ ಅದರ ಮೇಲೇ ಅನುಮಾನ.

ಆಮೆ ನಡಿಗೆ ಅಂತ ಆಡಿಕೊಳ್ಳುತ್ತೇವೆ. ಆದರೆ ಮೈ ಬಿಸಿಯಾದ ಆಮೆ ಒಂದು ಗಂಟೆಯಲ್ಲಿ 200 ಮೀಟರ್ ಆರಾಮಾಗಿ ಹೋಗುತ್ತದೆ. ಹಾಗಂತ ಒಂದೇ ಸಮನೆ ಹೋಗೋದಿಲ್ಲ. ಒಂದು ಗೋಡೆ ಸಿಕ್ಕರೆ ಅದರ ಬುಡ ಹಿಡಿದು ನಡೆಯುತ್ತದೆ, ಮೂಲೆ ಬಂದಾಗ ಅಲ್ಲೇ ತಲೆ ತೂರಿಸಿ ನಿಲ್ಲುತ್ತದೆ. ಆದ್ದರಿಂದ ಅಂಗಳದ ನಡುವೆ ಅಲೆಯಬೇಡಿ, ಅಂಚು ಹಿಡಿದು ಹೋಗಿ. ಬೆಳಗಿನ ಬಿಸಿಲು ಬೀಳುವ ಗೋಡೆಯ ಬುಡ, ಸೌದೆ ರಾಶಿಯ ಹಿಂದೆ, ಮೆಟ್ಟಿಲಿನ ಕೆಳಗೆ, ಪೊದೆಯ ಒಳಗೆ, ನಿಲ್ಲಿಸಿದ ಕಾರಿನ ಚಕ್ರದ ಮುಂದೆ. ಒಣ ಎಲೆ ರಾಶಿಗೆ ಯಾರೂ ಬೆಂಕಿ ಹಾಕದ ಹಾಗೆ, ಹುಲ್ಲು ಕೊಯ್ಯುವ ಯಂತ್ರ ಓಡಿಸದ ಹಾಗೆ ನೆರೆಯವರಿಗೂ ಹೇಳಿ. ನಾಯಿ ಇರುವವರು ಕೆಲವು ದಿನ ಅದನ್ನು ಕಟ್ಟಿಹಾಕಲಿ. ನಾಯಿಗೆ ಆಮೆಯ ಚಿಪ್ಪು ಅಂದರೆ ಒಂದು ದೊಡ್ಡ ಮೂಳೆ.

ಸಂಜೆ ಸಂದಿಗಳ ಬಾಯಲ್ಲಿ ನುಣ್ಣನೆ ಮರಳು ಹರಡಿ ಬಿಡಿ. ಬೆಳಗ್ಗೆ, ಮತ್ತೆ ಬಿಸಿಲಿಳಿದ ಮೇಲೆ ಹೋಗಿ ನೋಡಿ. ಎರಡು ಸಾಲು ಗುಳಿ, ನಡುವೆ ಒಂದು ಅಂಗೈಯಷ್ಟು ಅಂತರ ಇದ್ದರೆ ಅದು ನಿಮ್ಮವನೇ. ಆಮೆಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ಮೂಗೂ ಚುರುಕು. ಕೆಂಪು, ಹಳದಿ ಕಂಡರೆ ಬಾಯಿ ಹಾಕೋಕೆ ಬರುವ ಆಮೆಗಳು ಬಹಳ. ಒಂದು ಚಪ್ಪಟೆ ತಟ್ಟೆಯಲ್ಲಿ ನೀರು, ಪಕ್ಕದಲ್ಲಿ ಕೆಂಪು ದಾಸವಾಳವೋ ಟೊಮೆಟೊ ಚೂರೋ ಇಡಿ. ಕಚ್ಚಿದ ಗುರುತು ಇದ್ದರೆ ಆ ಜಾಗ ಕಾಯಿರಿ.

ಚೀಟಿ ಅಂಟಿಸುವವರಿಗೆ ಒಂದು ಮುಖ್ಯ ವಿಷಯ. ನಮ್ಮ ಭಾಷೆಯಲ್ಲಿ ನೆಲದ್ದೂ ಆಮೆ, ನೀರಿನದ್ದೂ ಆಮೆ. "ಆಮೆ ಕಾಣೆಯಾಗಿದೆ" ಅಂತಷ್ಟೇ ಬರೆದರೆ, ಸಿಕ್ಕಿದ ಪುಣ್ಯಾತ್ಮರು ಪಾಪ ಅಂತ ಎತ್ತಿಕೊಂಡು ಹೋಗಿ ಕೆರೆಗೆ ಬಿಡುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಬಿಡುತ್ತಾರೆ. ನೆಲದ ಆಮೆಗೆ ಆನೆಯ ಹಾಗೆ ಮೋಟು ಕಾಲು, ಬೆರಳ ನಡುವೆ ಜಾಲವಿಲ್ಲ. ಆಳದ ನೀರಲ್ಲಿ ಮುಳುಗಿ ಸಾಯುತ್ತದೆ. ಹಾಗಾಗಿ ಹೆಸರಿಗಿಂತ, ಫೋಟೊಗಿಂತ ದೊಡ್ಡದಾಗಿ "ಇದಕ್ಕೆ ಈಜು ಬಾರದು, ನೀರಿಗೆ ಬಿಡಬೇಡಿ" ಅಂತ ಬರೆಯಿರಿ. ಹೊಟ್ಟೆಯ ಚಿಪ್ಪಿನ ಗುರುತನ್ನು ಮಾತ್ರ ಚೀಟಿಯಲ್ಲಿ ಹಾಕಬೇಡಿ. ಸಿಕ್ಕಿದೆ ಅಂತ ಫೋನ್ ಮಾಡಿದವರನ್ನು ಕೇಳೋಕೆ ಅದು ನಿಮ್ಮ ಹತ್ತಿರವೇ ಇರಲಿ.

ಸಿಕ್ಕ ಕೂಡಲೇ ತಿನ್ನಿಸೋಕೆ ಹೋಗಬೇಡಿ. ಗಲ್ಲದವರೆಗೆ ಮಾತ್ರ ಬರುವಷ್ಟು ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ಬಿಡಿ, ಕುಡಿಯಲಿ. ಕಾಲಿನ ಸಂದಿಯಲ್ಲಿ, ಬಾಲದ ಹತ್ತಿರ ಗಾಯ, ಇರುವೆ, ಹುಳ ಇದೆಯಾ ನೋಡಿ. ಇದ್ದರೆ ಪಶುವೈದ್ಯರ ಹತ್ತಿರ ಅವತ್ತೇ ಹೋಗಿ. ಅಂಗಾತ ಬಿದ್ದಿದ್ದರೆ ನಿಧಾನವಾಗಿ ತಿರುಗಿಸಿ. ಶ್ವಾಸಕೋಶ ಬೆನ್ನ ಚಿಪ್ಪಿನ ಅಡಿಗೇ ಇರೋದರಿಂದ ಅಂಗಾತ ಇದ್ದಷ್ಟು ಹೊತ್ತೂ ಒಳಗಿನ ಭಾರವೆಲ್ಲಾ ಅದರ ಮೇಲೆ ಬಿದ್ದಿರುತ್ತದೆ.

ಪ್ರಶ್ನೆ: ನಮ್ಮದು ಹೆಣ್ಣಾಮೆ. ಎರಡು ವರ್ಷ ಸುಮ್ಮನಿದ್ದದ್ದು ಈಗ ಒಂದು ವಾರದಿಂದ ಬೇಲಿಗುಂಟ ಸುತ್ತುತ್ತಲೇ ಇದೆ, ಮಣ್ಣು ಕೆದಕುತ್ತದೆ. ಓಡಿಹೋಗುವ ಯೋಚನೆಯಾ?

ಉತ್ತರ: ಮೊಟ್ಟೆ ಇಡುವ ಯೋಚನೆ ಇರಬೇಕು. ಗಂಡಿನ ಜೊತೆ ಇಲ್ಲದಿದ್ದರೂ ಮೊಟ್ಟೆ ಇಡುತ್ತದೆ. ಬಿಸಿಲು ಬೀಳುವ ಕಡೆ ಒಂದಡಿ ಆಳಕ್ಕೆ ಸಡಿಲ, ಸ್ವಲ್ಪ ತೇವದ ಮಣ್ಣು ಹಾಕಿಕೊಡಿ. ಸರಿಯಾದ ಜಾಗ ಸಿಗದ ಹೆಣ್ಣು ಬೇಲಿ ದಾಟೋಕೆ ಬಹಳ ಹಟ ಮಾಡುತ್ತದೆ. ಹಾಗೇ ಬೇಲಿಯನ್ನೂ ನೋಡಿಕೊಳ್ಳಿ. ಆಚೆ ಕಾಣುವ ಜಾಲರಿಗಿಂತ ಆಚೆ ಕಾಣದ ಹಲಗೆಯೋ ಇಟ್ಟಿಗೆಯೋ ಒಳ್ಳೆಯದು, ಕಾಣದ್ದನ್ನು ಅದು ಜಾಸ್ತಿ ತಳ್ಳೋದಿಲ್ಲ. ಮಣ್ಣಿನೊಳಗೂ ಒಂದಡಿ ಇಳಿಸಿ, ಮೂಲೆಗಳಿಗೆ ಮೇಲೊಂದು ಹಲಗೆ ಅಡ್ಡ ಹೊಡೆಯಿರಿ. ಕೆದಕಿ ಕೆದಕಿ ಮೊಟ್ಟೆ ಇಡದೆ, ಊಟವೂ ಬಿಟ್ಟರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕಳೆದುಹೋಗದ ಹಾಗೆ ಚಿಪ್ಪಿನ ಅಂಚಿಗೆ ಸಣ್ಣ ತೂತು ಹಾಕಿ ದಾರ ಕಟ್ಟಬಹುದಾ?

ಉತ್ತರ: ಬೇಡ. ಚಿಪ್ಪು ಅದು ತೊಟ್ಟ ಅಂಗಿ ಅಲ್ಲ. ಮೇಲೆ ಉಗುರಿನಂಥ ಪದರ, ಅದರ ಕೆಳಗೆ ರಕ್ತ ಓಡುವ, ನೋವು ತಿಳಿಯುವ ಮೂಳೆ. ಬಣ್ಣ ಬಳಿಯೋದೂ ಬೇಡ. ಪಶುವೈದ್ಯರು ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಹಾಕುತ್ತಾರೆ, ಸಾಮಾನ್ಯವಾಗಿ ಎಡ ಹಿಂಗಾಲಿನಲ್ಲಿ. ಅದು ಎಲ್ಲಿದೆ ಅಂತ ಹೇಳೋದಿಲ್ಲ, ಯಾರದು ಅಂತ ಮಾತ್ರ ಹೇಳುತ್ತದೆ. ವರ್ಷಕ್ಕೊಂದು ಸಲ ಬೆನ್ನಿನ, ಹೊಟ್ಟೆಯ ಫೋಟೊ ತೆಗೆದಿಡಿ. ನೆಲದ ಆಮೆಗಳ ಇಡೀ ಕುಟುಂಬವೇ ಸೈಟಿಸ್ ಒಪ್ಪಂದದ, ಅಂದರೆ ದೇಶದೇಶಗಳ ನಡುವೆ ಕಾಡುಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಪಟ್ಟಿಯಲ್ಲಿದೆ, ಆದ್ದರಿಂದ ಸಾಕೋದಕ್ಕೆ ಕೊಟ್ಟ ಕಾಗದಪತ್ರವನ್ನೂ ಆ ಫೋಟೊ ಜೊತೆಗೇ ಇಡಿ. ಸಿಕ್ಕಿದವರು ಅಧಿಕಾರಿಗಳಿಗೆ ಒಪ್ಪಿಸಿದ್ದರೆ ಅವರು ಮೊದಲು ಕೇಳೋದು ಅದನ್ನೇ.

ಮೊದಲ ಪತ್ರದವರು ಕೊನೆಗೆ ಕೇಳಿದ್ದಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಬಿಟ್ಟುಬಿಡಬೇಡಿ. ಗಟ್ಟಿಮುಟ್ಟಾದ ಆಮೆ ಊಟವಿಲ್ಲದೆ ವಾರಗಟ್ಟಲೆ ಇರಬಲ್ಲದು. ರಿಯೊ ಡಿ ಜನೈರೊದ ಒಂದು ಮನೆಯಲ್ಲಿ 1982ರಲ್ಲಿ ಕಾಣೆಯಾದ ಆಮೆ 2013ರಲ್ಲಿ ಅದೇ ಮನೆಯ ಹಳೇ ಸಾಮಾನಿನ ಕೋಣೆಯಲ್ಲಿ ಜೀವಂತ ಸಿಕ್ಕಿತು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮೂವತ್ತು ವರ್ಷದ ಲೆಕ್ಕವನ್ನು ನಾನು ಅಷ್ಟಾಗಿ ನಂಬೋದಿಲ್ಲ, ಅದೇ ಮನೆ ಅನ್ನೋದನ್ನು ಮಾತ್ರ ನಂಬುತ್ತೇನೆ. ದಿನವೆಲ್ಲಾ ಅಲೆಯಬೇಡಿ. ಬೆಳಗ್ಗೆ ಅರ್ಧ ಗಂಟೆ ಮಗಳನ್ನು ಮಣೆ ಮೇಲೆ ಕೂರಿಸಿ. ಮಳೆ ಬಂದ ದಿನ ಶಾಲೆಗೆ ಸ್ವಲ್ಪ ತಡವಾದರೂ ಪರವಾಗಿಲ್ಲ.