ಪ್ರತಿಕ್ರಿಯೆ: ಡಾಕ್ಟರ್ ಮುಂದೆ ತಲೆಯಾಡಿಸುವ ಅಮ್ಮ ಮಾತ್ರೆ ಮುಟ್ಟುವುದಿಲ್ಲ
ನಿಮ್ಮ ಅಮ್ಮ ಅಮೆರಿಕದ ಡಾಕ್ಟರ್ ಮುಂದೆ ತಲೆಯಾಡಿಸಿ, ಮನೆಗೆ ಬಂದು ಬಿಪಿ ಮಾತ್ರೆ ಮುಟ್ಟದಿರುವುದು ಹಟದಿಂದ ಇರಲಿಕ್ಕಿಲ್ಲ. ಬಹುಶಃ ಆ ತಲೆಯಾಟ ಬರೀ ಮರ್ಯಾದೆ. ಡಾಕ್ಟರ್ ಅದನ್ನು ಒಪ್ಪಿಗೆ ಅಂದುಕೊಂಡಿದ್ದಾರೆ. ನಮ್ಮ ಮಾವನವರೂ ಹೀಗೇ ಮಾಡಿದ್ದರು. "ತಲೆಸುತ್ತು ಇಲ್ವಲ್ಲ, ಮಾತ್ರೆ ಯಾಕೆ?" ಅಂತ ಬಾಟಲಿಯ ಮುಚ್ಚಳವನ್ನೂ ತೆಗೆದಿರಲಿಲ್ಲ.

ಮೊದಲು ಬೈಯದೆ, ಏನು ಭಯ ಅಂತ ಅಮ್ಮನನ್ನೇ ಕೇಳಿ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ಮುಂದಿನ ಸಲ ಕನ್ನಡ ದುಭಾಷಿ ಬೇಕು ಅನ್ನಿ. ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇದನ್ನು ಪುಕ್ಕಟೆ ಕೊಡಬೇಕು. ಅಲ್ಲಿನ ಆರೋಗ್ಯ ಸೇವೆಯ ಕಾನೂನಾದ 2010ರ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಸೆಕ್ಷನ್ ಇದಕ್ಕೆ ಆಧಾರ. ದುಭಾಷಿ ಫೋನಿನಲ್ಲೋ ವಿಡಿಯೋದಲ್ಲೋ ಸಿಗಬಹುದು. ದಯವಿಟ್ಟು ನೀವೇ ಅನುವಾದಕ್ಕೆ ಕೂರಬೇಡಿ. ಮಕ್ಕಳ ಮುಂದೆ ಕೆಲವು ಮಾತು ಅಮ್ಮಂದಿರ ಬಾಯಿಂದ ಬರೋದೇ ಇಲ್ಲ, ಅಲ್ವಾ?

ಊರಿಂದ ತಂದ ಚೂರ್ಣ, ಭಸ್ಮ ಇದ್ದರೆ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುತ್ತದೆ. ಮುಚ್ಚಿಡಬೇಡಿ.

ಕೊನೆಗೆ ಡಾಕ್ಟರ್ "ಅರ್ಥ ಆಯ್ತಾ?" ಅನ್ನುವ ಬದಲು "ಈ ಮಾತ್ರೆ ಯಾವಾಗ, ಯಾಕೆ ತಗೋತೀರಿ, ನೀವೇ ಹೇಳಿ" ಅಂತ ಕೇಳಲಿ. ಎಲ್ಲಿ ತಪ್ಪಿದೆ ಅಂತ ಅಮ್ಮನ ಉತ್ತರದಲ್ಲೇ ಗೊತ್ತಾಗುತ್ತದೆ.

ನಡುವೆ ಎದೆನೋವು ಬಂದರೆ, ಮಾತು ತೊದಲಿದರೆ ಕಾಯಬೇಡಿ, ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.