ಲೆಗೋ: ಡೇನಿಷ್ ‘ಆಡು’, ಲ್ಯಾಟಿನ್ ‘ಓದು’

“ಮೊಮ್ಮಗನಿಗೆ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಆಡುವ ಲೆಗೋ ತಂದೆ. ಲ್ಯಾಟಿನ್‌ನಲ್ಲಿ ‘ಲೆಗೋ’ ಅಂದರೆ ‘ಜೋಡಿಸುತ್ತೇನೆ’ ಅಂತ ಓದಿದೆ. ಡೆನ್ಮಾರ್ಕಿನವರು ಆ ಹೆಸರನ್ನು ಲ್ಯಾಟಿನ್ನಿಂದಲೇ ತಂದದ್ದು ಅಲ್ವಾ?”
– ಶಿರಸಿಯ ಓದುಗರು

ಲ್ಯಾಟಿನ್‌ನಲ್ಲಿ ಆ ಪದ ಇರುವುದು ನಿಜ. ‘ಆರಿಸಿ ಕೂಡಿಸುತ್ತೇನೆ’, ‘ಓದುತ್ತೇನೆ’ ಎಂದು ಅದರ ಅರ್ಥ. ನಾನು ಒಪ್ಪುವುದು ಅಷ್ಟೇ. ನಿಮ್ಮ ಮೊಮ್ಮಗನ ಡಬ್ಬಿಯ ಹೆಸರು ಅಪ್ಪಟ ಡೇನಿಷ್.

ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1930ರ ದಶಕದಲ್ಲಿ ‘ಲೆಗ್ ಗೊಟ್’, ಅಂದರೆ ‘ಚೆನ್ನಾಗಿ ಆಡು’ ಎಂಬ ಮಾತನ್ನು ಮೊಟಕು ಮಾಡಿ ಈ ಹೆಸರಿಟ್ಟರು. ಆಗ ಅವರು ಮಾಡುತ್ತಿದ್ದುದು ಮರದ ಆಟಿಕೆ. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಇಟ್ಟಿಗೆಯೇ ಇಲ್ಲದಾಗ ‘ಜೋಡಿಸುತ್ತೇನೆ’ ಅಂತ ಯಾರು ಹೆಸರಿಡುತ್ತಾರೆ ಹೇಳಿ?

ವ್ಯಾಕರಣ ನೋಡಿ. ಲ್ಯಾಟಿನ್ ಪದದ ಕೊನೆಯ ‘ಓ’ ನಮ್ಮ ‘ಓದುತ್ತೇನೆ’ಯ ‘ಏನೆ’ ಇದ್ದ ಹಾಗೆ. ‘ನಾನು’ ಅದರೊಳಗೇ ಇದೆ. ಡೇನಿಷ್ ಹೆಸರಿನ ‘ಓ’ ಬಂದದ್ದು ‘ಗೊಟ್’, ಅಂದರೆ ‘ಚೆನ್ನಾಗಿ’ ಎಂಬ ಪದದಿಂದ. ‘ಲೆಗ್’ ನಮ್ಮ ‘ಆಡು’ವಿನಂತೆ ಬರಿಯ ಧಾತು, ಅದೇ ಅಪ್ಪಣೆಯ ರೂಪ.

‘ಲೆಗ್’ನ ಮೂಲ ಡೇನಿಷ್‌ನ ಪೂರ್ವಜ ಭಾಷೆಯಾದ ಹಳೆಯ ನಾರ್ಸ್‌ನ ‘ಲೆಯ್ಕ’. ಲ್ಯಾಟಿನ್‌ನ ‘ಗ’ ಇರುವ ಕಡೆ ನಾರ್ಸ್‌ನಲ್ಲಿ ‘ಕ’ ಬರುತ್ತದೆ: ‘ನಾನು’ ಎಂಬುದಕ್ಕೆ ಅಲ್ಲಿ ‘ಎಗೋ’, ಇಲ್ಲಿ ‘ಎಕ್’. ಇದನ್ನು 1818ರಲ್ಲೇ ತೋರಿಸಿಕೊಟ್ಟವರು ಡೆನ್ಮಾರ್ಕಿನವರೇ ಆದ ಭಾಷಾಶಾಸ್ತ್ರಜ್ಞ ರಾಸ್ಮಸ್ ರಾಸ್ಕ್. ಹಾಗಾದರೆ ಲೆಗೋ, ಲೆಯ್ಕ ನೆಂಟರೇ ಇರಬೇಕು ಅನಿಸುತ್ತದೆ. ಆದರೆ ಸ್ವರ ಕೂಡುವುದಿಲ್ಲ. ‘ಎ’ ಬೇರೆ, ‘ಎಯ್’ ಬೇರೆ. ನಮ್ಮಲ್ಲೂ ಮೇಯುವ ಆಡಿಗೂ ಆಟದ ‘ಆಡು’ವಿಗೂ ನಂಟಿಲ್ಲ. ಹಳೆಯ ತಮಿಳಿನಲ್ಲಿ ಮೇಯುವ ಆಡಿನ ಹೆಸರು ‘ಯಾಡು’.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ‘ಲೆಗೆ’ ಎಂಬ ರೂಪ. ಡೇನಿಷ್‌ನಲ್ಲಿ ಹಾಗೆ ಬರೆದರೆ ‘ಆಡುವುದು’, ಲ್ಯಾಟಿನ್‌ನಲ್ಲಿ ‘ಓದು’. 386ರಲ್ಲಿ ಮಿಲಾನಿನ ತೋಟದಲ್ಲಿದ್ದ, ಮುಂದೆ ಕ್ರೈಸ್ತ ಸಂತನಾದ ಅಗಸ್ಟೀನನಿಗೆ ಪಕ್ಕದ ಮನೆಯಿಂದ ಮಗುವಿನ ದನಿ ಕೇಳಿತು: ‘ತೊಲ್ಲೆ ಲೆಗೆ’, ‘ಎತ್ತಿಕೋ, ಓದು’. ಮಕ್ಕಳ ಯಾವ ಆಟದಲ್ಲಿ ಹೀಗೆ ಹಾಡುತ್ತಾರೆ ಎಂದು ಅವನು ಯೋಚಿಸಿದನಂತೆ.

ಪತ್ರ ಬರೆದಿರಲ್ಲ, ಖುಷಿಯಾಯಿತು. ಆದರೆ ಸಣ್ಣ ಭಾಷೆಯ ಪದ ಕಂಡ ಕೂಡಲೇ ದೊಡ್ಡ ಭಾಷೆಯಲ್ಲಿ ತಾಯಿ ಹುಡುಕುವ ಚಾಳಿ ಬಿಡಿ. ಕನ್ನಡದವರಾದ ನಮಗೆ ಆ ನೋವು ಗೊತ್ತಿರಬೇಕು. ನಮ್ಮ ಮನೆಮಾತಿನ ಎಷ್ಟು ಪದಗಳಿಗೆ ಸುಮ್ನೆ ಸಂಸ್ಕೃತದ ಮೂಲ ಅಂಟಿಸಿಲ್ಲ? ಒಮ್ಮೆ ಶಾಲಾ ಕ್ವಿಜ್ ಒಂದಕ್ಕೆ ಹೋಗಿದ್ದೆ. ಲೆಗೋ ಯಾವ ಭಾಷೆ ಎಂದಾಗ ಒಬ್ಬ ಹುಡುಗಿ ‘ಡೇನಿಷ್’ ಅಂದಳು. ಉತ್ತರದ ಹಾಳೆಯಲ್ಲಿ ‘ಲ್ಯಾಟಿನ್’ ಅಂತಿತ್ತು. ನಾನು ಎದ್ದು ನಿಂತು ಹೇಳಿದರೂ ಅವಳಿಗೆ ಅಂಕ ಕೊಡಲಿಲ್ಲ.